ಗೊರವಂಕ ಮರೆತ ಜೋಗುಳ

ಮರಿಗಳು ಮೊಟ್ಟೆಯೊಡೆದು ಬರುವ ಹೊತ್ತಾದರೂ ಗೊರವಂಕ ಹಕ್ಕಿಗೆ ತನ್ನ ತಾಯಿ ಹಾಡುತ್ತಿದ್ದ ಜೋಗುಳ ನೆನಪಾಗಲಿಲ್ಲ. ಒಂದೆಲಗ ತಿಂದರೆ ಮರೆವು ಹೋಗುತ್ತದೆಂದು ಕೇಳಿ, ಬಾವಿಕಟ್ಟೆಯ ಬಳಿ ಬೆಳೆದಿದ್ದ ಅದರ ಎಲೆಗಳನ್ನು ದಿನವೂ ತಿಂದಿತು. ಮೊದಲ ಸಾಲೂ ಹೊಳೆಯಲಿಲ್ಲ.

“ತಂಗೀ, ನನ್ನ ಎಲೆ ತಲೆಗೆ ತಂಪು ಕೊಟ್ಟೀತು. ನಾನು ಕೇಳದ ಹಾಡನ್ನು ಎಲ್ಲಿಂದ ತರಲಿ? ಬಾವಿಯ ಮುದಿ ಕಪ್ಪೆ ನಿಮ್ಮಮ್ಮನ ಕಾಲದವನು, ಅವನನ್ನು ಕೇಳು,” ಎಂದಿತು ಒಂದೆಲಗ.

ಕಪ್ಪೆ ಸಂಕೋಚಪಡುತ್ತಲೇ ಒಡಕು ದನಿಯಲ್ಲಿ ಹಾಡತೊಡಗಿತು.

“ಹಾಗಲ್ಲ ಅಜ್ಜಾ, ಅಲ್ಲಿ ಅಮ್ಮ ದನಿ ಇಳಿಸುತ್ತಿದ್ದಳು,” ಎಂದು ತಿದ್ದುತ್ತ ಗೊರವಂಕ ತಾನೇ ಎತ್ತಿಕೊಂಡು ಕೊನೆಯ ಸಾಲಿನವರೆಗೂ ಹಾಡಿತು.

ಕಪ್ಪೆ ಕಣ್ಣೊರೆಸಿಕೊಂಡಿತು. “ಆಕೆ ಹೋದಮೇಲೆ ಇದನ್ನು ಕೇಳಿಯೇ ಇರಲಿಲ್ಲ. ಇನ್ನೊಮ್ಮೆ ಹಾಡು, ಮಗಳೇ.”