ಸಾವಂತ್ರೆವ್ವ ಬಿಡಿಸಿದ ಕಲ್ಲುಲೆಕ್ಕ

ಹತ್ತಿರ ಸರಿದು ಕೂಡ್ರಿ, ಮಕ್ಕಳೇ. ಹಂಸಗಡ ಅನ್ನುವ ರಾಜ್ಯದಲ್ಲಿ ಒಬ್ಬ ರಾಜನಿದ್ದ. ಅವನಿಗೆ ಊಟಕ್ಕಿಂತ ಲೆಕ್ಕವೇ ರುಚಿ. ಅದಕ್ಕೇ ಒಂದು ಕಟ್ಟಳೆ ಮಾಡಿದ್ದ. ದೂರು ತಂದವರು ಮೊದಲು ಕಲ್ಲುಲೆಕ್ಕ ಬಿಡಿಸಬೇಕು, ಆಮೇಲೆ ಬಾಯಿ ಬಿಡಬೇಕು.

ಕಲ್ಲುಲೆಕ್ಕ ಅಂದರೆ ಹೀಗೆ. ಆಸ್ಥಾನದ ತ್ರಿಯಂಬಕ ಪಂಡಿತ ಅಂಕಿ ಕೊರೆದ ನಾಲ್ಕು ಕಲ್ಲು ಇಡುತ್ತಾನೆ. ಒಂದು ಗುರಿ ಹೇಳುತ್ತಾನೆ. ಕೂಡಬಹುದು, ಕಳೆಯಬಹುದು, ಗುಣಿಸಬಹುದು. ನಾಲ್ಕೂ ಕಲ್ಲನ್ನು ಒಂದೊಂದೇ ಸಲ ಬಳಸಿ ಗುರಿ ಮುಟ್ಟಬೇಕು. ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಾರೆ. ಅದು ಮುಳುಗುವುದರೊಳಗೆ ಉತ್ತರ ಬರಬೇಕು. ಹೀಗೆ ಮೂರು ಸಲ ಗೆದ್ದರೆ ರಾಜ ದೂರು ಕೇಳುತ್ತಾನೆ. ಒಂದು ಓಣಿಯಿಂದ ವರ್ಷಕ್ಕೆ ನಾಲ್ಕೇ ಜನರಿಗೆ ಅವಕಾಶ.

ಪಂಡಿತನಿಗೂ ಒಂದು ಕಟ್ಟಳೆ ಇತ್ತು. ಕಲ್ಲು ಇಡುವ ಮೊದಲೇ ಉತ್ತರವನ್ನು ತಾಳೆಗರಿಯಲ್ಲಿ ಬರೆದು, ಸುರುಳಿ ಸುತ್ತಿ, ರಾಜನ ಕಾಲ್ಮಣೆಯ ಕೆಳಗೆ ಇಡಬೇಕು.

ಈ ಪಂಡಿತ ಏನು ಮಾಡಿದ? ಕೌದಿ ಹೊಲಿಯುವವರ ಓಣಿಯ ಬಾವಿಯನ್ನು ಒಳಗೆ ಹಾಕಿಕೊಂಡು ತನ್ನ ಮಾವಿನ ತೋಟಕ್ಕೆ ಗೋಡೆ ಕಟ್ಟಿಸಿಬಿಟ್ಟ. ಓಣಿಯ ಗಂಡಸರು ಹೆಂಗಸರೆಲ್ಲ ಕೊಡ ಹೊತ್ತು ಹರದಾರಿ ದೂರದ ಹಳ್ಳಕ್ಕೆ ನಡೆದರು. ಓಣಿಯ ಹಿರಿಯ ಅರಮನೆಗೆ ಹೋದ, ಮೊದಲ ಲೆಕ್ಕಕ್ಕೇ ಸೋತು ಬಂದ. ಅವನ ಅಳಿಯ ಹೋದ, ಸೋತು ಬಂದ. ಅಳಿಯನ ಅಣ್ಣ ಹೋದ, ಅವನೂ ಸೋತು ಬಂದ.

ಆಗ ಸಾವಂತ್ರೆವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದಳು. ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿದೇ ಮನೆ ಕಟ್ಟಿದಾಕೆ. ಯಾವ ಗುರುವಿನ ಮುಂದೂ ಕೂತವಳಲ್ಲ. ಸಂತೆಯ ತೂಕದ ಕಲ್ಲುಗಳನ್ನು ನೋಡಿ ನೋಡಿ ಅಂಕಿ ಕಲಿತವಳು.

“ನೀನೂ ಸೋತರೆ ವರ್ಷವಿಡೀ ಹಳ್ಳದ ನೀರೇ ಗತಿ,” ಅಂದ ಹಿರಿಯ.

“ಸೋಲೋಕೆ ಇಷ್ಟು ದೂರ ಯಾರು ನಡೀತಾರೆ, ಮಾವ?” ಅಂದಳು.

ಅರಮನೆಯ ಮೆಟ್ಟಿಲ ಮೇಲೆ ಪಂಡಿತನ ಶಿಷ್ಯರು ಗರಿಗಳ ರಾಶಿ ಹಾಕಿಕೊಂಡು, ಕಲ್ಲುಲೆಕ್ಕದ ಒಂದು ದಾರಿಯನ್ನೂ ಬಿಡದೆ ಬರೆದು ನೋಡುತ್ತಿದ್ದರು. ಮೂರಕ್ಕೆ ನಾಲ್ಕು ಕೂಡುವರು, ಬರೆಯುವರು. ಮತ್ತೆ ನಾಲ್ಕಕ್ಕೆ ಮೂರು ಕೂಡುವರು, ಅದನ್ನೂ ಬರೆಯುವರು.

ಸಾವಂತ್ರೆವ್ವ ನಿಂತು ನೋಡಿದಳು. “ಯಪ್ಪಾ, ಕೆಂಪು ತುಂಡಿಗೆ ನೀಲಿ ಹೊಲಿದು, ಬಿಚ್ಚಿ, ಮತ್ತೆ ನೀಲಿಗೆ ಕೆಂಪು ಹೊಲಿದರೆ ಕೌದಿ ದೊಡ್ಡದಾಗ್ತದೇನು?”

ಶಿಷ್ಯರು ಬರೆದ ಗರಿಯನ್ನು ಮೊಣಕಾಲಡಿ ಮುಚ್ಚಿಟ್ಟರು.

ಸಭೆಯಲ್ಲಿ ಪಂಡಿತ ಮೀಸೆಯಲ್ಲೇ ನಕ್ಕ. “ಏನಬೇ, ಓಣಿಯಲ್ಲಿ ಗಂಡಸರು ತೀರಿದರೇನು?”

“ಅವರು ನೀರು ತರೋಕೆ ಹೋಗ್ಯಾರ್ರೀ. ನೀವು ಕಲ್ಲು ಇಡ್ರಿ.”

ಪಂಡಿತ ಇಟ್ಟ. ಮೂರು, ನಾಲ್ಕು, ಆರು, ಒಂಬತ್ತು. ಗುರಿ ಅರವತ್ಮೂರು. ಬಟ್ಟಲು ನೀರಿಗೆ ಬಿತ್ತು.

ಸಾವಂತ್ರೆವ್ವ ಕಲ್ಲು ಮುಟ್ಟಲಿಲ್ಲ. ಗುರಿಯನ್ನೇ ನೋಡಿದಳು. “ಕೌದಿಯಲ್ಲಿ ಮೊದಲು ಖಾಲಿ ಜಾಗ ಅಳೀಬೇಕು, ಆಮೇಲೆ ತುಂಡು ಹುಡುಕಬೇಕು. ಅರವತ್ಮೂರು ಅಂದ್ರೆ ಒಂಬತ್ತೇಳಲೆ. ಒಂಬತ್ತು ಇಲ್ಲೇ ಐತಿ. ಇನ್ನು ಏಳರಷ್ಟು ಜಾಗ ತುಂಬಿದ್ರೆ ಸಾಕು. ನಾಲ್ಕಕ್ಕೆ ಆರು ಕೂಡಿ, ಮೂರು ತೆಗೀರಿ. ಏಳು.”

ಬಟ್ಟಲು ಕಾಲುಭಾಗವೂ ಮುಳುಗಿರಲಿಲ್ಲ.

ಎರಡನೇ ಸಲ ಇಟ್ಟ. ಎರಡು, ಐದು, ಏಳು, ಎಂಟು. ಗುರಿ ತೊಂಬತ್ತನಾಲ್ಕು.

“ಇದನ್ನು ನಡುವೆ ಮಡಚಿದರೆ ನಲವತ್ತೇಳು, ನಲವತ್ತೇಳು. ಅಲ್ಲಿಗೆ ಎರಡರ ಕಲ್ಲು ಮುಗೀತು. ಎಂಟೈದಲೆ ನಲವತ್ತು, ಮೇಲೆ ಏಳು. ನಲವತ್ತೇಳಾಯ್ತು.”

“ತಪ್ಪು,” ಅಂದ ಪಂಡಿತ. “ನನ್ನ ಗರಿಯಲ್ಲಿ ಬೇರೆ ಉಂಟು.”

ರಾಜ ಗರಿ ಬಿಚ್ಚಿ ಓದಿದ. ಐದಕ್ಕೆ ಏಳು ಕೂಡಿ ಹನ್ನೆರಡು, ಎಂಟರಿಂದ ಗುಣಿಸಿ ತೊಂಬತ್ತಾರು, ಎರಡು ಕಳೆದು ತೊಂಬತ್ತನಾಲ್ಕು.

“ಆ ದಾರೀನೂ ಊರಿಗೇ ಹೋಗ್ತದೆ,” ಅಂದಳು ಸಾವಂತ್ರೆವ್ವ. “ನಾ ಹತ್ತಿರದ್ದು ಹಿಡಿದೆ.”

ರಾಜ ತೊಡೆ ತಟ್ಟಿ ನಕ್ಕ. “ಯಾವ ಓಣಿ ತಾಯಿ ನಿಂದು?”

“ಬಾವಿ ಇದ್ದೂ ಇಲ್ಲದ ಓಣಿ, ದೊರೆ. ಉಳಿದದ್ದು ಮೂರನೇ ಲೆಕ್ಕ ಆದಮೇಲೆ ಹೇಳ್ತೀನಿ.”

ಪಂಡಿತ ಮನಸ್ಸಲ್ಲೇ ಲೆಕ್ಕ ಹಾಕಿದ. ಇವಳು ಗೆದ್ದರೆ ಗೋಡೆಯ ಮಾತು ಬರುತ್ತದೆ. ಅವನು ಕಂಬದ ಮರೆಗೆ ಹೋಗಿ, ಒಂದು ಗರಿ ಸುತ್ತಿ ತಂದು, ಕಾಲ್ಮಣೆಯ ಕೆಳಗೆ ತುರುಕಿದ. ಕಲ್ಲು ಇಟ್ಟ. ನಾಲ್ಕು, ಆರು, ಎಂಟು, ಹತ್ತು. ಗುರಿ ಐವತ್ತೇಳು.

ಬಟ್ಟಲು ನೀರಿಗೆ ಬಿತ್ತು. ಶಿಷ್ಯರು ಬಾಗಿಲಲ್ಲಿ ನಿಂತು ಅವಸರದಲ್ಲಿ ಗೀಚತೊಡಗಿದರು. ಸಾವಂತ್ರೆವ್ವ ನಾಲ್ಕೂ ಕಲ್ಲು ನೋಡಿದಳು. ಗುರಿ ನೋಡಿದಳು. ಸೆರಗಿನ ಸೂಜಿ ತೆಗೆದು, ಹರಿದಿದ್ದ ಸೆರಗಿನ ಅಂಚು ಹೊಲಿಯುತ್ತ ಕೂತಳು.

ಬಟ್ಟಲು ಅರ್ಧ ಮುಳುಗಿತು. “ಸೋತಳು, ದೊರೆಗಳೇ,” ಅಂದ ಪಂಡಿತ.

“ಇದು ಬರೋದಿಲ್ಲ,” ಅಂದಳು ಸಾವಂತ್ರೆವ್ವ.

“ನಿನಗೆ ಬರೋದಿಲ್ಲ ಅನ್ನು.”

“ಯಾರಿಗೂ ಬರೋದಿಲ್ಲ. ಈ ನಾಲ್ಕೂ ಜೋಡಿ ಸಂಖ್ಯೆ, ಎರಡೆರಡಾಗಿ ಎಣಿಸಿದರೆ ಏನೂ ಉಳಿಯೋದಿಲ್ಲ. ಜೋಡಿಗೆ ಜೋಡಿ ಕೂಡಿದರೆ ಜೋಡಿ. ಜೋಡಿಯಲ್ಲಿ ಜೋಡಿ ಕಳೆದರೂ ಜೋಡಿ. ಗುಣಿಸಿದರೂ ಜೋಡಿ. ಐವತ್ತೇಳರಲ್ಲಿ ಒಂದು ಒಂಟಿ ಉಳೀತದೆ. ಆ ಒಂಟಿಯನ್ನು ಎಲ್ಲಿಂದ ತರಲಿ? ನಿಮ್ಮ ಶಿಷ್ಯರು ಯುಗಾದಿವರೆಗೆ ಬರೀಲಿ, ಸಿಗೋದಿಲ್ಲ. ದೊರೆ, ಗರಿ ಬಿಚ್ಚಿ ನೋಡ್ರಿ.”

ಪಂಡಿತ ಕಾಲ್ಮಣೆಗೆ ಕೈ ಹಾಕುವ ಮೊದಲೇ ರಾಜ ಗರಿ ಎತ್ತಿಕೊಂಡ. ಬಿಚ್ಚಿದ. ತಿರುಗಿಸಿದ. ಎರಡೂ ಕಡೆ ಒಂದಕ್ಷರವಿಲ್ಲ.

ಬಟ್ಟಲು ಬುಳುಕ್ಕನೆ ಮುಳುಗಿತು.

“ಮೂರನೆಯದನ್ನೂ ನೀನೇ ಗೆದ್ದೆ. ಈಗ ದೂರು ಹೇಳು ತಾಯಿ,” ಅಂದ ರಾಜ. ಅವಳು ಹೇಳಿದಳು. ಸಂಜೆಯೊಳಗೆ ಪಂಡಿತ ತನ್ನ ಕೈಯಾರೆ ಗೋಡೆ ಕೆಡವಿದ. ಒಂದು ಕಲ್ಲು ಕಿತ್ತು ಬೆವರೊರೆಸಿದ, ಇನ್ನೊಂದು ಕಿತ್ತು ಸೊಂಟ ಹಿಡಿದ, ಕೊನೆಯದು ಕಿತ್ತಾಗ ಓಣಿಯ ಹೆಂಗಸರು ಕೊಡದೊಂದಿಗೆ ಒಳಗೆ ನಡೆದರು.

ಪಂಡಿತನ ಪೀಠವನ್ನು ರಾಜ ಸಾವಂತ್ರೆವ್ವಗೆ ಕೊಡಲು ಬಂದ.

“ನನ್ನ ಜಗಲಿ ನನಗೆ ಸಾಕು, ದೊರೆ. ಕಲಿಯೋ ಆಸೆ ಇದ್ದವರು ಅಲ್ಲಿಗೇ ಬರಲಿ. ನೀವು ಕೊಡೋದಾದ್ರೆ ಒಂದು ಕೊಡ್ರಿ. ನೀರು ಕೇಳಿ ಬಂದವರಿಗೆ ಲೆಕ್ಕ ಒಡ್ಡಬೇಡ್ರಿ.”

ರಾಜ ತಲೆ ತಗ್ಗಿಸಿ ಒಪ್ಪಿದ. ಅವಳು ತಲೆ ಎತ್ತಿ ಮನೆಗೆ ನಡೆದಳು.

ನೀತಿ ಇಷ್ಟೇ, ಮಕ್ಕಳೇ. ಇರುವ ದಾರಿಯನ್ನೆಲ್ಲ ತುಳಿದು ನೋಡುವುದು ಜಾಣತನವಲ್ಲ. ಯಾವ ದಾರಿ ತುಳಿಯಬೇಕಿಲ್ಲ ಎಂದು ಮೊದಲೇ ತಿಳಿಯುವುದು ಜಾಣತನ. ಆ ತಿಳಿವು ಪೀಠದಿಂದ ಬರುವುದಿಲ್ಲ, ದುಡಿದ ಕೈಯಿಂದ ಬರುತ್ತದೆ. ಮೋಸದ ಲೆಕ್ಕ ಒಡ್ಡಿದವನು ತನ್ನ ಖಾಲಿ ಗರಿಯಿಂದಲೇ ಸಿಕ್ಕಿಬೀಳುತ್ತಾನೆ.

ಕೌದಿಗೆ ಕೊನೆಯ ಗಂಟು ಬಿತ್ತು. ಕಥೆಗೂ ಬಿತ್ತು.