ಉಪ್ಪುದಿಬ್ಬಕ್ಕೆ ಮುಳ್ಳಿನ ಬೇಲಿ

ಮಕ್ಕಳೇ, ಸಾರಿಗೆ ಉಪ್ಪು ಕಡಿಮೆಯಾದರೆ ನೀವು ಏನು ಮಾಡುತ್ತೀರಿ? "ಅಮ್ಮಾ, ಉಪ್ಪು!" ಎಂದು ಕೂಗುತ್ತೀರಿ. ಕಾಡಿನ ಪ್ರಾಣಿಗಳು ಯಾರನ್ನು ಕೂಗಬೇಕು? ಸೊಪ್ಪು, ಹುಲ್ಲು ತಿಂದು ತಿಂದು ನಾಲಿಗೆ ಸಪ್ಪೆಯಾದಾಗ ಅವು ಉಪ್ಪಿನ ಮಣ್ಣನ್ನು ಹುಡುಕಿಕೊಂಡು ಹೋಗಿ ನೆಕ್ಕುತ್ತವೆ. ನೆಕ್ಕಲು ಸಿಗದಿದ್ದರೆ ಅವುಗಳ ಮೈಯಲ್ಲಿ ಕಸುವು ಉಳಿಯುವುದಿಲ್ಲ.

ಬಿಳಿಕಲ್ಲು ಕಾಡಿನ ಹೊಳೆಯ ದಂಡೆಯಲ್ಲಿ ಅಂಥ ಮಣ್ಣಿನ ದೊಡ್ಡ ದಿಬ್ಬವೊಂದಿತ್ತು. ಎಲ್ಲರೂ ಅದನ್ನು ಉಪ್ಪುದಿಬ್ಬ ಎನ್ನುತ್ತಿದ್ದರು. ಸಂಜೆಯಾದರೆ ಜಿಂಕೆ, ಕಡವೆ, ಕಾಡೆಮ್ಮೆ, ಕಪ್ಪು ಮುಖದ ಮುಸುವ ಎಲ್ಲ ಅಲ್ಲಿ ಹಾಜರು. ದಿಬ್ಬ ಅಷ್ಟು ದೊಡ್ಡದಿದ್ದರೂ ಎಲ್ಲರೂ ನೆಕ್ಕುತ್ತಿದ್ದದ್ದು ಮಾತ್ರ ನಡುವಿನ ಒಂದೇ ಗುಳಿಯನ್ನು. ಅಜ್ಜಂದಿರ ಕಾಲದಿಂದ ಹಾಗೇ ನಡೆದುಬಂದಿತ್ತು. ಪಕ್ಕದಲ್ಲಿ ಅದೇ ಮಣ್ಣು ರಾಶಿ ರಾಶಿ ಇದ್ದರೂ ಅದನ್ನು ಯಾರೂ ಮೂಸುತ್ತಿರಲಿಲ್ಲ.

"ಈ ಗುಳಿಯ ರುಚಿಯೇ ಬೇರೆ ಬಿಡು!" ಎಂದು ಒಬ್ಬರ ಮೇಲೊಬ್ಬರು ಬಿದ್ದು ಚಪ್ಪರಿಸುತ್ತಿದ್ದರು. ರುಚಿ ಬೇರೆಯಾಗದೆ ಏನು, ಊರೆಲ್ಲರ ಎಂಜಲು ಅದರಲ್ಲಿತ್ತಲ್ಲ!

ಒಂದು ಬೇಸಿಗೆಯಲ್ಲಿ ಕಾಡಿಗೆ ಕೆಮ್ಮು ಬಂತು. ಅದು ಸಾಮಾನ್ಯ ಕೆಮ್ಮಲ್ಲ. ಮೊದಲು ಗಂಟಲು ಗೊರಗೊರ ಎನ್ನುತ್ತಿತ್ತು, ಆಮೇಲೆ ಮೈ ಸುಡುತ್ತಿತ್ತು, ಆಮೇಲೆ ಎದ್ದು ನಿಲ್ಲುವುದೇ ಕಷ್ಟವಾಗುತ್ತಿತ್ತು. ಒಂದು ವಾರದಲ್ಲಿ ಮೂರು ಕಡವೆಗಳು ಸತ್ತವು. ಯಾಕೆ ಹೀಗಾಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು ಮುಳ್ಳಪ್ಪನಿಗೆ. ಮುಳ್ಳಪ್ಪ ಎಂದರೆ ಬಂಡೆಯ ಕೆಳಗಿನ ಬಿಲದಲ್ಲಿ ಒಂಟಿಯಾಗಿದ್ದ ಮುಳ್ಳುಹಂದಿ. ಸುಳ್ಳು ಯಾಕೆ ಹೇಳಲಿ, ಅವನ ತಲೆ ಬಹಳ ಚುರುಕು. ಅವನು ನೆಲದ ಮೇಲಿನ ಹೆಜ್ಜೆಗಳನ್ನು ನೋಡಿದ, ಯಾರು ಯಾರ ಹಿಂದೆ ಗುಳಿ ನೆಕ್ಕಿದರು, ಯಾರು ಯಾವಾಗ ಕೆಮ್ಮಿದರು ಎಂದು ಲೆಕ್ಕ ಹಾಕಿದ. ಆಮೇಲೆ ಬಂಡೆ ಹತ್ತಿ ಕೂಗಿದ:

"ಕೇಳ್ರಪ್ಪೋ! ಕೆಮ್ಮು ಕೂತಿರುವುದು ಆ ಗುಳಿಯಲ್ಲಿ! ಒಬ್ಬರ ಎಂಜಲು ಇನ್ನೊಬ್ಬರ ಬಾಯಿಗೆ ಹೋಗುತ್ತಿದೆ. ಇವತ್ತಿನಿಂದ ಉಪ್ಪುದಿಬ್ಬ ಬಂದ್!"

ಹಾಗೆಂದವನು ತನ್ನ ಮೈಯಿಂದ ಉದುರಿದ ಮುಳ್ಳುಗಳನ್ನೆಲ್ಲ ತಂದು ದಿಬ್ಬದ ಸುತ್ತ ಒತ್ತೊತ್ತಾಗಿ ನೆಟ್ಟುಬಿಟ್ಟ.

ಮುಸುವಗಳ ಯಜಮಾನ ಕರಿಮೊಗ ಕೊಂಬೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಎಲಾ ಮುಳ್ಳಪ್ಪ! ಮಣ್ಣು ನೆಕ್ಕಬೇಡಿ ಎನ್ನಲು ನೀನ್ಯಾರಯ್ಯಾ? ನಮ್ಮ ತಾತ ನೆಕ್ಕಿದ್ದ, ಎಪ್ಪತ್ತು ವರ್ಷ ಬದುಕಿದ್ದ!"

ಮುಸುವಗಳು ಎಪ್ಪತ್ತು ವರ್ಷ ಬದುಕುವುದಿಲ್ಲ. ಆದರೆ ಕರಿಮೊಗನಿಗೆ ಅದನ್ನು ಹೇಳುವವರು ಯಾರು?

ಒಂದೇ ನೆಗೆತಕ್ಕೆ ಬೇಲಿ ದಾಟಿ ಅವನು ಗುಳಿಯಲ್ಲಿ ಕೂತು ಬೇಕಾದಷ್ಟು ನೆಕ್ಕಿದ. ಎಲ್ಲರಿಗೂ ಕಾಣುವಂತೆ ನಾಲಿಗೆ ಚಾಚಿ ತೋರಿಸಿದ. ಮೂರನೆಯ ದಿನ ಅವನ ಗಂಟಲು ಗೊರಗೊರ ಎಂದಿತು. ಐದನೆಯ ದಿನಕ್ಕೆ ಅವನ ಗುಂಪಿನ ಹನ್ನೊಂದು ಜನ ಕೆಮ್ಮುತ್ತಿದ್ದರು. ಅವರಲ್ಲಿ ಅವನ ಮುದಿ ತಾಯಿ ಉಳಿಯಲಿಲ್ಲ. ಕರಿಮೊಗ ಆಮೇಲೆ ಬಹಳ ದಿನ ಯಾರ ಮುಖವನ್ನೂ ನೋಡಲಿಲ್ಲ. ಪಾಪ, ಅವನಿಗೆ ಆ ದುಃಖ ಸಾಕಿತ್ತು, ನಾವು ಬೇರೆ ಬೈಯುವುದು ಬೇಡ.

ಅದಾದ ಮೇಲೆ ಬೇಲಿಯ ಹತ್ತಿರ ಯಾರೂ ಸುಳಿಯಲಿಲ್ಲ. ಇಪ್ಪತ್ತು ದಿನಗಳಲ್ಲಿ ಕೆಮ್ಮು ಪೂರ್ತಿ ನಿಂತಿತು. "ಮುಳ್ಳಪ್ಪ ಇಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ!" ಎಂದು ಎಲ್ಲರೂ ಹೊಗಳಿದರು. ಹೊಗಳಿದ್ದು ಸರಿಯಾಗಿಯೇ ಇತ್ತು.

ಆದರೆ ಹೊಗಳಿಕೆ ಕೇಳಿ ಕೇಳಿ ಮುಳ್ಳಪ್ಪನ ಮುಳ್ಳುಗಳೆಲ್ಲ ನೆಟ್ಟಗಾದವು. ಬೇಲಿ ತೆಗೆಯುವ ಮಾತೇ ಅವನ ಬಾಯಲ್ಲಿ ಬರಲಿಲ್ಲ. ಬದಲಿಗೆ ಎರಡನೆಯ ಸುತ್ತು ಬೇಲಿ ಹಾಕಿದ. ಅದಾದ ಮೇಲೆ ಮೂರನೆಯದು. ಹೀಗೆ ಎರಡು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಜಿಂಕೆ ಚಿತ್ರಕ್ಕ ತನ್ನ ಮರಿ ಚಿಕ್ಕಿಯನ್ನು ಕರೆದುಕೊಂಡು ಮುಳ್ಳಪ್ಪನ ಬಿಲಕ್ಕೆ ಬಂದಳು. ಮರಿಗೆ ಮೂರು ತಿಂಗಳು. ಆ ವಯಸ್ಸಿಗೆ ಅದು ಕಾಡೆಲ್ಲ ಕುಣಿಯಬೇಕಿತ್ತು. ಆದರೆ ನಾಲ್ಕು ಹೆಜ್ಜೆ ನಡೆದು ಕೂರುತ್ತಿತ್ತು, ಕಾಲುಗಳು ಒಣಕಡ್ಡಿಯ ಹಾಗಿದ್ದವು.

"ಅಣ್ಣಾ, ಉಪ್ಪಿಲ್ಲದೆ ನನ್ನ ಹಾಲು ಬತ್ತಿದೆ. ಮರಿ ಹೀಗೇ ಇದ್ದರೆ ಮಳೆಗಾಲ ಕಾಣುವುದಿಲ್ಲ. ಬೇಲಿ ತೆಗೆಯಣ್ಣಾ" ಎಂದಳು.

"ಕೆಮ್ಮು ನಿಂತದ್ದು ಯಾತರಿಂದ ತಾಯಿ?"

"ನಿನ್ನ ಬೇಲಿಯಿಂದಲೇ. ಇಲ್ಲ ಎಂದೆನೇ? ಆದರೆ ಈಗ ಕೆಮ್ಮುವವರು ಯಾರೂ ಇಲ್ಲವಲ್ಲ."

"ಬೇಲಿ ಇರುವುದಕ್ಕೇ ಇಲ್ಲ! ಒಂಚೂರು ತಡೆದುಕೋ ಚಿತ್ರಕ್ಕ. ಎಲ್ಲರ ಒಳ್ಳೆಯದಕ್ಕೆ ಎಲ್ಲರೂ ಕಷ್ಟಪಡಬೇಕು. ನಾನೂ ಎರಡು ತಿಂಗಳಿಂದ ದಿಬ್ಬಕ್ಕೆ ಹೋಗಿಲ್ಲ. ನನಗೇನಾದರೂ ಆಯಿತೇ? ನೋಡು, ಕಲ್ಲುಗುಂಡಿನ ಹಾಗಿದ್ದೇನೆ!" ಎಂದು ಮುಳ್ಳಪ್ಪ ಎದೆಯುಬ್ಬಿಸಿದ.

ದೊಡ್ಡವರು ಮಾತಾಡುವಾಗ ಮರಿಗಳು ಸುಮ್ಮನಿರುತ್ತವೆಯೇ? ಚಿಕ್ಕಿ ತೂರಾಡುತ್ತಾ ಬಿಲದ ಬಾಯಿಗೆ ಹೋಗಿ ಕತ್ತು ಒಳಗೆ ಹಾಕಿತ್ತು. ಒಳಗಿನಿಂದ ಕಟಕಟ, ಕಟಕಟ ಎಂದು ಸದ್ದು ಬಂತು.

"ಏಯ್! ಏನೇ ಅದು?" ಎಂದು ಮುಳ್ಳಪ್ಪ ಓಡಿದ.

ಬಿಲದೊಳಗೆ ರಾಶಿ ರಾಶಿ ಜಿಂಕೆ ಕೊಂಬುಗಳಿದ್ದವು. ಗಂಡು ಜಿಂಕೆಗಳು ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತವೆ. ಮುಳ್ಳುಹಂದಿಗಳು ಅವನ್ನು ಮನೆಗೆ ಎಳೆದುತಂದು ಕಡಿಯುತ್ತವೆ. ಹಲ್ಲು ಸವೆಯುತ್ತದೆ, ಜೊತೆಗೆ ಮೈಗೆ ಬೇಕಾದ ಉಪ್ಪಿನ ಸಾರವೂ ಸಿಗುತ್ತದೆ. ಚಿಕ್ಕಿ ಒಂದು ಕೊಂಬನ್ನು ಕಾಲಿನಿಂದ ಒತ್ತಿಹಿಡಿದು, ಹಸಿದು ಕಂಗೆಟ್ಟವರ ಹಾಗೆ ಕಡಿಯುತ್ತಿತ್ತು. ಅದರ ಬಾಯಿಯ ಅಂಚಿನಲ್ಲಿ ರಕ್ತ ಬಂದಿತ್ತು. ಆದರೂ ಬಿಡಲಿಲ್ಲ.

ಚಿತ್ರಕ್ಕ ಕೊಂಬಿನ ರಾಶಿಯನ್ನು ನೋಡಿದಳು, ಮುಳ್ಳಪ್ಪನ ದುಂಡು ಹೊಟ್ಟೆಯನ್ನೂ ನೋಡಿದಳು.

"ಓಹೋ, ದಿಬ್ಬಕ್ಕೆ ಹೋಗದೆಯೂ ನಿನಗೇನೂ ಆಗದ್ದು ಇದಕ್ಕೇನಣ್ಣಾ? ದಿಬ್ಬ ನಿನ್ನ ಮನೆಯೊಳಗೇ ಇದೆಯಲ್ಲ!"

ಮುಳ್ಳಪ್ಪ ಮೋಸಗಾರನಲ್ಲ ಮಕ್ಕಳೇ. ತಾನೂ ಎಲ್ಲರಷ್ಟೇ ಕಷ್ಟಪಡುತ್ತಿದ್ದೇನೆ ಎಂದು ನಿಜವಾಗಿಯೂ ನಂಬಿದ್ದ. ದಿನಾ ಬೆಳಿಗ್ಗೆ ಕೊಂಬು ಕಡಿಯುವುದು ಅವನಿಗೆ ಉಸಿರಾಡಿದಷ್ಟು ಸಹಜವಾಗಿತ್ತು, ಅದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ಮರಿಯ ಬಾಯಲ್ಲಿ ರಕ್ತ ಕಂಡಾಗ ಅವನಿಗೆ ನಾಚಿಕೆಯಾಯಿತು.

ಅವತ್ತೇ ಮಧ್ಯಾಹ್ನ ದಿಬ್ಬದ ಬಳಿ ಎಲ್ಲರೂ ಸೇರಿದರು. ಮರದ ಮೇಲಿನಿಂದ ಕರಿಮೊಗನ ತಮ್ಮ ಚೆಂಗ ಕೂಗಿದ, "ಬೇಲಿ ಕಿತ್ತುಹಾಕಿ! ಮೊದಲಿನ ಹಾಗೇ ಎಲ್ಲರೂ ಗುಳಿಗೆ ನುಗ್ಗೋಣ!"

"ಸುಮ್ಮನಿರೋ, ನಮ್ಮವ್ವನನ್ನು ಅಷ್ಟು ಬೇಗ ಮರೆತೆಯಾ?" ಎಂದು ಕರಿಮೊಗ ಗದರಿದ.

ಚಿತ್ರಕ್ಕನೂ ತಲೆ ಅಲ್ಲಾಡಿಸಿದಳು. "ನನಗೆ ಕೆಮ್ಮೂ ಬೇಡ, ಈ ಬರಗಾಲವೂ ಬೇಡ. ನನ್ನ ಮರಿ ಕೆಮ್ಮಿ ಸತ್ತರೂ ಸಾವೇ, ಉಪ್ಪಿಲ್ಲದೆ ಸತ್ತರೂ ಸಾವೇ. ಎರಡನ್ನೂ ತಪ್ಪಿಸುವ ದಾರಿ ಹೇಳಿ."

ಇಷ್ಟು ಹೊತ್ತು ಹಿಂದೆ ನಿಂತಿದ್ದ ಮುದಿ ಆನೆ ದೊಡ್ಡವ್ವ ನಿಧಾನವಾಗಿ ಮುಂದೆ ಬಂದಳು. "ಬೇಲಿ ಹಾಕಿದಾಗ ಕಾಡೆಲ್ಲ ಕೆಮ್ಮುತ್ತಿತ್ತು. ಅವತ್ತು ಅದು ನಮ್ಮ ಪ್ರಾಣ ಉಳಿಸಿತು. ಈಗ ಕೆಮ್ಮಿಲ್ಲ, ಬೇಲಿ ಮಾತ್ರ ಇದೆ. ಇವತ್ತು ಅದು ಪ್ರಾಣ ತೆಗೆಯುತ್ತಿದೆ. ಅಲ್ಲಾ, ಇಷ್ಟು ದೊಡ್ಡ ದಿಬ್ಬವಿದ್ದೂ ಆ ಒಂದು ಗುಳಿಯನ್ನೇ ಯಾಕೆ ನೆಕ್ಕುತ್ತೀರಿ ನೀವು?"

"ಅದು... ಮೊದಲಿನಿಂದ ಹಾಗೇ..." ಎಂದು ಕಾಡೆಮ್ಮೆಯೊಂದು ತೊದಲಿತು.

ಮುಳ್ಳಪ್ಪ ಬೇಲಿ ಕಿತ್ತು ದಾರಿ ಬಿಟ್ಟ. ದೊಡ್ಡವ್ವ ಮುಂಗಾಲೆತ್ತಿ ದಿಬ್ಬಕ್ಕೆ ಒಂದು ಒದೆ ಕೊಟ್ಟಳು. ಧಡ್! ದಿಬ್ಬ ಒಡೆದು ದೊಡ್ಡ ದೊಡ್ಡ ಹೆಂಟೆಗಳು ಉರುಳಿದವು. "ತಗೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಹೆಂಟೆ. ನಿಮ್ಮ ನಿಮ್ಮ ಮರದ ಬುಡಕ್ಕೆ ಹೊತ್ತುಕೊಂಡು ಹೋಗಿ ನೆಕ್ಕಿ. ಯಾರಿಗಾದರೂ ಕೆಮ್ಮು ಬಂದರೆ ಅವರು ಮನೆಯಲ್ಲೇ ಇರಲಿ, ಅವರ ಪಾಲನ್ನು ಮುಸುವಗಳು ತಲುಪಿಸಲಿ."

ಮುಸುವಗಳಿಗೆ ಎಸೆಯುವ ಕೆಲಸ ಸಿಕ್ಕರೆ ಕೇಳಬೇಕೇ? ಚೆಂಗ ಎಸೆದ ಮೊದಲ ಹೆಂಟೆ ಕಾಡೆಮ್ಮೆಯ ನೆತ್ತಿಗೇ ಬಿತ್ತು. ಸ್ವಲ್ಪ ಜಗಳವಾಯಿತು, ಅದು ಬಿಡಿ. ಹದಿನೈದು ದಿನಗಳಲ್ಲಿ ಚಿತ್ರಕ್ಕನಿಗೆ ಹಾಲು ಬಂತು. ಮೊದಲ ಮಳೆಯ ದಿನ ಚಿಕ್ಕಿ ಕೆಸರಿನಲ್ಲಿ ಜಾರಿ, ಎದ್ದು, ಮತ್ತೆ ಜಾರಿ ಅಮ್ಮನ ಕೈಲಿ ಬೈಸಿಕೊಂಡಿತು. ಬೈಯುತ್ತಲೇ ಚಿತ್ರಕ್ಕ ಅತ್ತುಬಿಟ್ಟಳು.

ಮರುವರ್ಷ ಕೆಮ್ಮು ಮತ್ತೆ ಬಂತು. ಈ ಸಲ ಅದು ಮೊದಲಿಗಿಂತ ಜೋರಾಗಿತ್ತು. ದಿಬ್ಬದ ಹತ್ತಿರ ಯಾರೂ ಸೇರಬಾರದು, ಹೊತ್ತು ತಿರುಗುವವರಿಂದಲೂ ಕೆಮ್ಮು ಹರಡೀತು, ಹಾಗಾಗಿ ಹೆಂಟೆಗಳನ್ನೂ ಸಾಗಿಸಬಾರದು ಎಂದು ಎಲ್ಲರೂ ಕೂತು ತೀರ್ಮಾನಿಸಿದರು. ಬೇಲಿ ನೆಡುವ ಕೆಲಸ ಮತ್ತೆ ಮುಳ್ಳಪ್ಪನದೇ.

ಆದರೆ ಬೇಲಿ ನೆಡುವ ಮೊದಲು ಅವನು ಬಿಲಕ್ಕೆ ಹೋಗಿ ಕೊಂಬುಗಳನ್ನೆಲ್ಲ ಒಂದೊಂದಾಗಿ ಹೊರಗೆ ಎಳೆದುತಂದ. ಒಂದನ್ನೂ ಉಳಿಸಿಕೊಳ್ಳದೆ ದಿಬ್ಬದ ಮೇಲೆ ಹಾಕಿ, ಅದರ ಸುತ್ತ ಬೇಲಿ ಕಟ್ಟಿದ.

"ಇದೇನಣ್ಣಾ?" ಎಂದು ಚಿತ್ರಕ್ಕ ಕೇಳಿದಳು.

"ನಿಮಗೆ ಯಾವಾಗ ಉಪ್ಪೋ ನನಗೂ ಆವಾಗಲೇ ಕೊಂಬು" ಎಂದ ಮುಳ್ಳಪ್ಪ.

ಮೂರು ದಿನ ಗಂಭೀರವಾಗಿದ್ದ. ನಾಲ್ಕನೆಯ ದಿನ ಹಲ್ಲು ತುರಿಸತೊಡಗಿತು. ಆರನೆಯ ದಿನ ಬಂಡೆಯ ಅಂಚು ಕಡಿದು ನೋಡಿದ, ಸರಿಹೋಗಲಿಲ್ಲ. ಎಂಟನೆಯ ದಿನದಿಂದ ಅವನು ಬೆಳಗಾದರೆ ಮನೆಮನೆಯ ಮುಂದೆ, ದೂರದಲ್ಲೇ ನಿಂತು ವಿಚಾರಿಸತೊಡಗಿದ. "ಯಾರಾದರೂ ಕೆಮ್ಮಿದರಾ? ಸರಿಯಾಗಿ ಕೇಳಿಸಿಕೊಂಡಿರಾ? ಆ ಕಡವೆಯದು ಬರೀ ಆಕಳಿಕೆ ತಾನೇ?"

ಹದಿನಾರನೆಯ ದಿನವೂ ಒಬ್ಬ ಕಡವೆ ಕೆಮ್ಮುತ್ತಿದ್ದ. ಮುಳ್ಳಪ್ಪನ ಬಾಯಲ್ಲಿ ನೀರೂರುತ್ತಿತ್ತು, ಹಲ್ಲು ಜುಮ್ಮೆನ್ನುತ್ತಿತ್ತು. ಆದರೂ ಬೇಲಿಯನ್ನು ಮುಟ್ಟಲಿಲ್ಲ. ಆ ಕಡವೆ ಗುಣವಾದ ಮೇಲೆ ಇನ್ನೂ ಐದು ದಿನ ಕಾದ. ಆರನೆಯ ದಿನ ಬೆಳಿಗ್ಗೆ ಎಲ್ಲರೂ ಎದ್ದು ಬರುವಷ್ಟರಲ್ಲಿ, ಯಾರೂ ಕೇಳದೆಯೇ, ಅವನು ಬೇಲಿಯ ಅರ್ಧ ಮುಳ್ಳುಗಳನ್ನು ಕಿತ್ತು ಮುಗಿಸಿದ್ದ.

ನೀತಿ: ರೋಗ ತಡೆಯಲು ಕಟ್ಟುಪಾಡು ಬೇಕು, ಆದರೆ ಅದರಿಂದ ಉಳಿಯುವ ಜೀವದ ಜೊತೆಗೆ ಬಳಲುವ ಜೀವವನ್ನೂ ಎಣಿಸಬೇಕು, ಕಟ್ಟುಪಾಡು ಹಾಕಿದವನು ಆ ಕಷ್ಟದಲ್ಲಿ ತನ್ನ ಪಾಲನ್ನೂ ಹೊರಬೇಕು.