ಗರಿಬಳ್ಳಿ ಎಲೆ ಮಡಿಸಲು ಕಲಿತದ್ದು

ಬೆಟ್ಟಗಳ ಮೈ ಇನ್ನೂ ಬೆಚ್ಚಗಿದ್ದ ಕಾಲ ಅದು, ಮಗೂ. ನದಿಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಗಿಡಗಳಿಗೆ ಎಲೆ ಬಂದಿತ್ತು, ಹೂವು ಇನ್ನೂ ಬಂದಿರಲಿಲ್ಲ.

ಒಂದು ದಿನ ಭೂಮಿತಾಯಿ ಎಲ್ಲ ಗಿಡಗಳನ್ನೂ ಕರೆದು ಹೇಳಿದಳು: "ಎಲೆ ನಾನು ಕೊಟ್ಟೆ. ಹೂವನ್ನ ನೀವೇ ಯೋಚನೆ ಮಾಡಿ ಮಾಡ್ಕೋಬೇಕು. ಮೊದಲ ಮಳೆ ಬೀಳೋದ್ರೊಳಗೆ ಆಗ್ಬೇಕು. ಹೂವಿಲ್ಲದಿದ್ರೆ ಬೀಜ ಇಲ್ಲ. ಬೀಜ ಇಲ್ಲದಿದ್ರೆ ಮುಂದಿನ ವರ್ಷ ನೀವೇ ಇಲ್ಲ."

ಗಿಡಗಳೆಲ್ಲ ಯೋಚನೆಗೆ ಕೂತವು. ಮಲ್ಲಿಗೆ ಕಣ್ಣು ಮುಚ್ಚಿಕೊಂಡು ಕೂತು ಪರಿಮಳ ಕಂಡುಕೊಂಡಿತು. ತುಂಬೆ ಗಿಡ, ಇರುವೆಯಷ್ಟೇ ತಲೆ ತೂರಿಸಬಹುದಾದಂಥ ಪುಟಾಣಿ ಬಿಳಿ ಹೂವು ಮಾಡಿತು.

ಕಾಲುದಾರಿಯ ಪಕ್ಕದಲ್ಲಿ ಗರಿಬಳ್ಳಿ ಅಂತ ಒಬ್ಬಳಿದ್ದಳು. ನೆಲಕ್ಕಂಟಿಕೊಂಡು ಹಬ್ಬುವ ಸಣ್ಣ ಗಿಡ. ಅವಳ ಎಲೆ ಹಕ್ಕಿಯ ಗರಿಯ ಹಾಗಿತ್ತು, ಅದಕ್ಕೇ ಆ ಹೆಸರು. ಅವಳಿಗೆ ಮಾತ್ರ ಯೋಚನೆಗೆ ಪುರಸೊತ್ತೇ ಇರಲಿಲ್ಲ.

ಯಾಕೆ ಅಂದರೆ, ಎಲ್ಲರಿಗೂ ಅವಳೇ ಬೇಕು. ಬೆಳಗಾದರೆ ಗಾಳಿ ಬಂದು ಬೆಟ್ಟದಾಚೆಯ ಸುದ್ದಿ ಹೇಳುತ್ತಿತ್ತು. ಇರುವೆಗಳು ತಮ್ಮ ಪಂಚಾಯ್ತಿಯನ್ನು ಅವಳ ನೆರಳಲ್ಲೇ ಸೇರಿಸುತ್ತಿದ್ದವು. ಪಿಕಳಾರ ಹಕ್ಕಿಯಂತೂ ಗಂಡನ ಜೊತೆ ಜಗಳವಾದಾಗಲೆಲ್ಲ ನೇರ ಇಲ್ಲಿಗೇ ಹಾರಿ ಬರುತ್ತಿದ್ದಳು. ಗರಿಬಳ್ಳಿಗೂ ಅವರೆಂದರೆ ಪ್ರಾಣ. ಯಾರಿಗೂ ಒಂದು ದಿನವೂ ಬೇಡ ಅಂದವಳಲ್ಲ.

ಒಮ್ಮೆ ಮಾತ್ರ ಮೆಲ್ಲಗೆ ಕೇಳಿ ನೋಡಿದಳು. "ಸ್ವಲ್ಪ ಹೊತ್ತು ನನ್ನನ್ನ ಒಬ್ಬಳೇ ಬಿಡ್ತೀರಾ? ಹೂವಿನ ಯೋಚನೆ ಮಾಡ್ಬೇಕು."

"ಓ, ಅದಕ್ಕೇನಂತೆ!" ಅಂದಿತು ಗಾಳಿ. "ಇದೊಂದು ಸುದ್ದಿ ಹೇಳಿ ಹೋಗಿಬಿಡ್ತೀನಿ."

"ನಮ್ಮದೂ ಒಂದೇ ಮಾತು," ಅಂದವು ಇರುವೆಗಳು. ಇರುವೆಗಳ ಒಂದು ಮಾತು ಅಂದರೆ ಗೊತ್ತಲ್ಲ, ಸಾಲು ಮುಗಿಯುವುದೇ ಇಲ್ಲ.

ಹೀಗೇ ದಿನ ಕಳೆಯಿತು. ಗರಿಬಳ್ಳಿ ದಣಿದಳು. ಕೇಳುತ್ತಿದ್ದಳು, ಆದರೆ ಏನೂ ಕೇಳಿಸುತ್ತಿರಲಿಲ್ಲ. ಎಲ್ಲದಕ್ಕೂ ಹೂಂ, ಹೂಂ.

ಒಂದು ಬೆಳಿಗ್ಗೆ ಪಿಕಳಾರ ಬಂದು ತಲೆ ತಗ್ಗಿಸಿ ಕೂತಳು. "ಗರಿಬಳ್ಳೀ, ನನ್ನ ಮೊಟ್ಟೆಯನ್ನ ಹಾವು ನುಂಗಿಬಿಡ್ತು ಕಣೇ."

"ಹೂಂ," ಅಂದಳು ಗರಿಬಳ್ಳಿ, ಎಲ್ಲೋ ನೋಡುತ್ತಾ. "ಒಳ್ಳೇದಾಯ್ತು ಬಿಡು."

ಪಿಕಳಾರ ಒಂದು ಕ್ಷಣ ಅವಳನ್ನೇ ನೋಡಿದಳು. ರೆಕ್ಕೆ ಬಿಚ್ಚಿ ಹಾರಿಹೋದಳು.

ಆಮೇಲೆ ಗರಿಬಳ್ಳಿಗೆ ಮಾತು ಅರ್ಥವಾಯಿತು. ಅಯ್ಯೋ ಅನ್ನಿಸಿತು. ನಾಚಿಕೆಯಿಂದ ಬೇರಿನವರೆಗೂ ಕುಗ್ಗಿದಳು. ಇನ್ನು ಯಾರ ಸಹವಾಸವೂ ಬೇಡ ಅಂತ ಅವತ್ತೇ ದಾರಿ ಬಿಟ್ಟು ಹೊರಟಳು. ಮೆಲ್ಲಮೆಲ್ಲಗೆ ಹಬ್ಬುತ್ತಾ ಹಬ್ಬುತ್ತಾ ಬಿದಿರುಮೆಳೆಯ ಒಳಗೆ ಸೇರಿಕೊಂಡಳು.

ಅಲ್ಲಿ ಯಾರೂ ಇಲ್ಲ. ಗಾಳಿಯೂ ಒಳಗೆ ಬರದು. ಮೊದಮೊದಲು ಎಷ್ಟು ಹಾಯಾಗಿತ್ತು! ಆದರೆ ಬರಬರುತ್ತಾ ಎಲೆ ಹಳದಿಯಾಯಿತು. ಹೂವು ಅಂತ ಯೋಚಿಸಿದರೆ, ಯಾರು ನೋಡುವುದಕ್ಕೆ ಅನ್ನಿಸುತ್ತಿತ್ತು. ಪಿಕಳಾರ ಅತ್ತಳೋ, ಮತ್ತೆ ಗೂಡು ಕಟ್ಟಿದಳೋ, ಅದೇ ಚಿಂತೆ.

ಗರಿಬಳ್ಳಿ ಭೂಮಿತಾಯಿಯನ್ನು ಕರೆದಳು. "ಅಮ್ಮಾ, ನನಗೆ ನನ್ನ ಜನ ಬೇಕು. ಒಬ್ಬಳೇ ಇರೋ ಹೊತ್ತೂ ಬೇಕು. ಒಂದು ಬಿಟ್ಟು ಒಂದು ನನ್ನಿಂದಾಗಲ್ಲ."

"ಎರಡೂ ಬೇಕು ಅನ್ನೋದು ಕಷ್ಟದ ದಾರಿ," ಅಂದಳು ಭೂಮಿತಾಯಿ. "ನಿನ್ನ ಒಂದೊಂದು ಎಲೆಯ ಬುಡಕ್ಕೂ ಒಂದು ಪುಟ್ಟ ಕೀಲು ಕೊಡ್ತೀನಿ. ಬಾಗಿಲಿಗೆ ಇರುತ್ತಲ್ಲ, ಹಾಗೆ. ಮುಚ್ಚೋದು, ತೆಗೆಯೋದು ನಿನ್ನ ಕೆಲಸ. ಆದ್ರೆ ನೆನಪಿಡು, ಮುಚ್ಚಿದಾಗ ಜನ ಬೇಜಾರು ಮಾಡ್ಕೋತಾರೆ."

"ಮಾಡ್ಕೊಳ್ಳಲಿ. ನಾನು ಮತ್ತೆ ತೆಗೀತೀನಲ್ಲ," ಅಂದಳು ಗರಿಬಳ್ಳಿ.

ಅವಳು ಬಂದ ದಾರಿಯಲ್ಲೇ ಹಬ್ಬಿಕೊಂಡು ಕಾಲುದಾರಿಗೆ ವಾಪಸು ಬಂದಳು. ಬಂದದ್ದೇ ತಡ, ಗಾಳಿ ಓಡಿ ಬಂತು. "ಎಲ್ಲಿ ಹೋಗಿದ್ದೆ? ಕೇಳಿಲ್ಲಿ, ಎಷ್ಟೊಂದು ಸುದ್ದಿ ಇದೆ!" ಅಂತ ಅವಳ ಎಲೆ ಹಿಡಿದು ಎಳೆಯಿತು.

ಗರಿಬಳ್ಳಿ ಉಸಿರು ಬಿಗಿಹಿಡಿದು ಕೀಲು ತಿರುಗಿಸಿದಳು. ಹೊಸ ಕೀಲು, ನೋಯಿತು. ಆದರೂ ಬಿಡಲಿಲ್ಲ. ಎಲೆಗಳೆಲ್ಲ ಜೋಡಿಜೋಡಿಯಾಗಿ ಮಡಚಿಕೊಂಡವು.

ಗಾಳಿ ಬೆರಗಾಯಿತು. "ಅರೆ! ಮುಟ್ಟಿದ್ದಕ್ಕೇ ಮುನಿಸಾ?"

"ಮುಟ್ಟಿದರೆ ಮುನಿ! ಮುಟ್ಟಿದರೆ ಮುನಿ!" ಅಂತ ಇರುವೆಗಳು ಸಾಲಾಗಿ ನಗಾಡಿದವು.

ಒಳಗೆ ಗರಿಬಳ್ಳಿಗೆ ಮನಸ್ಸು ತಡೆಯಲಿಲ್ಲ. ಈಗಲೇ ತೆರೆದು, ತಪ್ಪಾಯ್ತು ಅಂದುಬಿಡಲೇ? ಬೇಡ ಅಂದುಕೊಂಡಳು. ಮುನಿ ಅಂದರೆ ಸುಮ್ಮನೆ ಕೂತು ಯೋಚಿಸುವವರೂ ಹೌದಲ್ಲ. ಆ ಹೆಸರು ನನಗಿರಲಿ.

ಆ ಸಣ್ಣ ಮೌನದಲ್ಲಿ ಹೂವಿನ ಒಂದು ಎಳೆ ಹೊಳೆಯಿತು. ರೇಷ್ಮೆಯಷ್ಟು ತೆಳು, ತಿಳಿಗುಲಾಬಿ ಬಣ್ಣ. ಒಂದೇ ಎಳೆ. ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ಎಲೆ ತೆರೆದಳು. "ಈಗ ಹೇಳು, ಏನು ಸುದ್ದಿ?"

ಅವತ್ತಿನಿಂದ ಹೀಗೇ ನಡೆಯಿತು. ಯಾರಾದರೂ ಮುಟ್ಟಿದರೆ ಮುಚ್ಚಿಕೊಳ್ಳುವಳು, ಒಂದು ಎಳೆ ನೂಲುವಳು, ತೆರೆಯುವಳು. ಬೇಜಾರಾದವರು ಹೋದರು. ಕಾದವರು ಉಳಿದರು.

ಪಿಕಳಾರ ಮಾತ್ರ ಬಂದಿರಲಿಲ್ಲ. ಆಕಾಶದಲ್ಲಿ ಕಪ್ಪು ಮೋಡ ಕೂಡಿದ ದಿನ ಬಂದಳು, ಜಗಳವಾಡುವುದಕ್ಕೇ ಬಂದಳು. "ನಿನ್ನ ಹತ್ರ ಒಂದು ಮಾತು ಕೇಳ್ಬೇಕು!" ಅಂತ ಕೊಕ್ಕಿನಿಂದ ಕುಟ್ಟಿದಳು. ಎಲೆ ಮುಚ್ಚಿತು. ಪಿಕಳಾರಳ ಸಿಟ್ಟು ಇನ್ನಷ್ಟು ಏರಿತು. "ಮುಚ್ಕೋ! ಎಷ್ಟು ಹೊತ್ತು ಮುಚ್ಕೋತೀಯೋ ನಾನೂ ನೋಡ್ತೀನಿ," ಅಂತ ಅಲ್ಲೇ ಕಲ್ಲಿನ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಎಲೆಗಳು ಒಂದೊಂದಾಗಿ ತೆರೆದವು. "ಪಿಕಳಾರಾ," ಅಂದಳು ಗರಿಬಳ್ಳಿ, "ನಿನ್ನ ಮೊಟ್ಟೆ ಹೋದ ದಿನ ನಾನು ಕೇಳಿಸಿಕೊಳ್ಳಲೇ ಇಲ್ಲ. ಇವತ್ತು ಹೇಳು. ಪೂರ್ತಿ ಕೇಳ್ತೀನಿ."

ಪಿಕಳಾರ ಬೈಯುವುದಕ್ಕೆ ಬಾಯಿ ತೆರೆದಳು, ಅಳು ಬಂತು. ಎಲ್ಲ ಹೇಳಿದಳು. ಗೂಡು ಕಟ್ಟಿದ್ದು, ಮೊಟ್ಟೆಯ ಮೇಲಿನ ಕೆಂಪು ಚುಕ್ಕೆ, ಅದಕ್ಕೆ ಇಡಬೇಕೆಂದಿದ್ದ ಹೆಸರು. ಗರಿಬಳ್ಳಿ ಒಂದು ಸಲವೂ ಅತ್ತಿತ್ತ ನೋಡಲಿಲ್ಲ.

ಮಾತು ಮುಗಿಯುವಷ್ಟರಲ್ಲಿ ಗುಡುಗಿತು. ಗರಿಬಳ್ಳಿ ತಾನು ಕೂಡಿಟ್ಟಿದ್ದ ಎಳೆಗಳನ್ನೆಲ್ಲ ಒಟ್ಟುಗೂಡಿಸಿ ಮೇಲೆತ್ತಿದಳು. ತಿಳಿಗುಲಾಬಿಯ ಪುಟ್ಟ ಉಂಡೆ, ಕುಚ್ಚಿನ ಹಾಗೆ ಮೆತ್ತಗೆ.

"ಅಯ್ಯೋ, ಎಷ್ಟು ಚೆನ್ನಾಗಿದೆಯೇ!" ಅಂದಳು ಪಿಕಳಾರ. ಅಷ್ಟರಲ್ಲಿ ಮೊದಲ ಹನಿ ಬಿತ್ತು.

ಅದಕ್ಕೇ ಮಗೂ, ಇವತ್ತಿಗೂ ದಾರಿಬದಿಯ ಮುಟ್ಟಿದರೆ ಮುನಿ ಗಿಡವನ್ನು ನೀನು ಮುಟ್ಟಿದರೆ ಅದು ಎಲೆ ಮಡಚಿಕೊಳ್ಳುತ್ತದೆ, ಮತ್ತೆ ಮುಟ್ಟದೆ ಪಕ್ಕದಲ್ಲಿ ಸುಮ್ಮನೆ ಕೂತರೆ ತಾನಾಗಿಯೇ ತೆರೆದುಕೊಳ್ಳುತ್ತದೆ.